ರಾಗಿ ಒಕ್ಕಣೆ ಯಂತ್ರದ ಬೆಲ್ಟುಗಳು: ಪರೀಕ್ಷೆ, ಬದಲಾವಣೆ, ಪೋಷಣೆ

೧. ಪ್ರಸ್ತಾವನೆ

ಬೆಂಗಳೂರಿನ ಉತ್ತರಭಾಗದಲ್ಲಿ ಬಳ್ಳಾರಿ ರಸ್ತೆಯ ಪೂರ್ವಕ್ಕೆ ಹಬ್ಬಿರುವ ಆರ್.ಟಿ. ನಗರವು ಇಂದು ಮನೆಗಳಿಂದಲೂ ಅಂಗಡಿಗಳಿಂದಲೂ ಕಿಕ್ಕಿರಿದ ಬಡಾವಣೆಯಾಗಿದೆ. ಕವಿ ರವೀಂದ್ರನಾಥ ಠಾಕೂರರ ಹೆಸರನ್ನು ಹೊತ್ತಿರುವ ಈ ಬಡಾವಣೆಯೊಳಗೆ ಮಠದಹಳ್ಳಿ, ದಿಣ್ಣೂರು ಮೊದಲಾದ ಹಳ್ಳಿಯ ಹೆಸರುಗಳು ಇನ್ನೂ ಉಳಿದುಕೊಂಡಿವೆ. ಇದಕ್ಕೆ ಸಮೀಪದ ಹೆಬ್ಬಾಳದಲ್ಲಿಯೇ ೧೮೯೯ರಲ್ಲಿ, ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣೀವಿಲಾಸ ಸನ್ನಿಧಾನದವರು ದಯಪಾಲಿಸಿದ ೩೦ ಎಕರೆ ನೆಲದಲ್ಲಿ ಮೈಸೂರು ಸಂಸ್ಥಾನದ ಕೃಷಿ ಪ್ರಯೋಗಕ್ಷೇತ್ರವು ಆರಂಭವಾಯಿತು. ೧೯೪೬ರಲ್ಲಿ ಅಲ್ಲಿ ಕೃಷಿ ಕಾಲೇಜು ಹುಟ್ಟಿತು. ೧೯೬೪ರಲ್ಲಿ ಕೃಷಿ ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಅಲ್ಲಿಂದ ಉತ್ತರಕ್ಕೆ ಯಲಹಂಕವನ್ನು ದಾಟಿ ದೊಡ್ಡಬಳ್ಳಾಪುರ, ದೇವನಹಳ್ಳಿಗಳ ಕಡೆಗೆ ಸಾಗಿದರೆ ರಾಗಿಯ ಹೊಲಗಳು ಈಗಲೂ ಕಾಣಸಿಗುತ್ತವೆ.

ಈ ಸೀಮೆಯಲ್ಲಿ ಕೊಯ್ದ ರಾಗಿಯನ್ನು ಮೆದೆ ಹಾಕಿ, ಕಣದಲ್ಲಿ ಹರಡಿ, ಎತ್ತುಗಳಿಗೆ ಕಟ್ಟಿದ ಕಲ್ಲುಗುಂಡನ್ನು ಉರುಳಿಸಿ ಒಕ್ಕುವುದು ಹಿಂದಿನ ಪದ್ಧತಿ. ಈಗ ಬಹುಮಟ್ಟಿಗೆ ಆ ಕೆಲಸವನ್ನು ಟ್ರ್ಯಾಕ್ಟರಿನಿಂದ ನಡೆಯುವ ಒಕ್ಕಣೆ ಯಂತ್ರವು ವಹಿಸಿಕೊಂಡಿದೆ. ಎತ್ತು ದಣಿದರೆ ಕಣದಲ್ಲಿದ್ದವರಿಗೆ ಕಾಣುತ್ತಿತ್ತು. ಯಂತ್ರದ ದಣಿವಾದರೋ ಒಳಗೇ ಅಡಗಿರುತ್ತದೆ. ಅದು ಮೊದಲು ತೋರಿಬರುವುದು ಎಂಜಿನಿನಲ್ಲಿ ಅಲ್ಲ, ಡ್ರಮ್ಮಿನಲ್ಲಿಯೂ ಅಲ್ಲ. ಇವೆರಡರ ನಡುವೆ ಓಡುವ ರಬ್ಬರಿನ ಬೆಲ್ಟಿನಲ್ಲಿ. ಯಂತ್ರದ ಒಟ್ಟು ಬೆಲೆಯ ಮುಂದೆ ಬೆಲ್ಟಿನ ಬೆಲೆ ಅತ್ಯಲ್ಪ. ಆದರೂ ಹಿಂಗಾರು ಮಳೆಯ ಮೋಡ ಮೇಲೇರುತ್ತಿರುವಾಗ ಅದು ಹರಿದುಹೋದರೆ, ಬಿಚ್ಚಿಹರಡಿದ ಮೆದೆ ನೆನೆದು ಕಾಳು ಕಪ್ಪಾಗುತ್ತದೆ, ಮೊಳೆಯುತ್ತದೆ. ದನಗಳ ಮೇವಾದ ಹುಲ್ಲೂ ಕೆಡುತ್ತದೆ. ಅವಸರದಲ್ಲಿ ಯಂತ್ರವನ್ನು ನಿಲ್ಲಿಸದೆಯೇ ಬೆಲ್ಟನ್ನು ಸರಿಪಡಿಸಹೊರಟವನ ಕೈಗೆ ಒದಗುವ ಅಪಾಯವು ಇದಕ್ಕಿಂತಲೂ ದೊಡ್ಡದು.

ಹರಿದ ಬೆಲ್ಟನ್ನು ಬಿಸುಟು ಹೊಸದನ್ನು ಏರಿಸುವುದು ಸಾಮಾನ್ಯವಾದ ರೂಢಿ. ಆದರೆ ಬೆಲ್ಟು ತಾನಾಗಿ ಅಕಾಲದಲ್ಲಿ ಸಾಯುವುದು ಅಪರೂಪ. ಬಿಗಿತದ ದೋಷ, ಪುಲ್ಲಿಗಳ ಓರೆ, ಸವೆದ ಗಾಡಿ, ಎಣ್ಣೆ, ಧೂಳು ಇವುಗಳಲ್ಲೊಂದು ಅದನ್ನು ಕೊಂದಿರುತ್ತದೆ. ಕೊಂದದ್ದರ ಗುರುತು ಅದರ ಮೈಮೇಲೆಯೇ ಇರುತ್ತದೆ. ಆ ಗುರುತನ್ನು ಓದಿ, ಕಾರಣವನ್ನು ನಿವಾರಿಸಿ, ಅನಂತರ ಹೊಸ ಬೆಲ್ಟನ್ನು ಹಾಕುವ ಕ್ರಮವನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

೨. ಬೆಲ್ಟಿನ ಕಾರ್ಯ

ಟ್ರ್ಯಾಕ್ಟರಿನ ಹಿಂಭಾಗದಲ್ಲಿರುವ ಪಿ.ಟಿ.ಓ. ಶಾಫ್ಟು ಸಾಮಾನ್ಯವಾಗಿ ನಿಮಿಷಕ್ಕೆ ೫೪೦ ಸುತ್ತು ತಿರುಗುವಂತೆ ನಿಯತವಾಗಿದೆ. ಒಕ್ಕಣೆ ಯಂತ್ರದ ಡ್ರಮ್ಮು, ಹೊಟ್ಟನ್ನು ತೂರುವ ಫ್ಯಾನು, ಅಲುಗುವ ಜರಡಿ ಇವು ಒಂದೊಂದೂ ತನಗೆ ಬೇಕಾದ ಬೇರೆ ಬೇರೆ ವೇಗದಲ್ಲಿ ಚಲಿಸಬೇಕು. ಮಾದರಿಯಿಂದ ಮಾದರಿಗೆ ಜೋಡಣೆಯಲ್ಲಿ ಭೇದವಿದ್ದರೂ, ವೇಗವನ್ನು ಹೀಗೆ ಹಂಚಿಕೊಡುವ ಕೆಲಸವು ಬಹುಪಾಲು ಬೆಲ್ಟು ಪುಲ್ಲಿಗಳದೇ. ಚಾಲಕ ಪುಲ್ಲಿಯ ವ್ಯಾಸವನ್ನು ಅದರ ಸುತ್ತುಗಳಿಂದ ಗುಣಿಸಿದರೆ ಬರುವ ಮೊತ್ತವು ಚಾಲಿತ ಪುಲ್ಲಿಯ ವ್ಯಾಸ ಮತ್ತು ಸುತ್ತುಗಳ ಗುಣಲಬ್ಧಕ್ಕೆ ಸಮ. ಉದಾಹರಣೆಗೆ, ೫೪೦ ಸುತ್ತಿನ ಶಾಫ್ಟಿನ ಮೇಲೆ ೩೦೦ ಮಿ.ಮೀ. ಪುಲ್ಲಿಯೂ ಡ್ರಮ್ಮಿನ ಮೇಲೆ ೨೦೦ ಮಿ.ಮೀ. ಪುಲ್ಲಿಯೂ ಇದ್ದರೆ ಡ್ರಮ್ಮು ನಿಮಿಷಕ್ಕೆ ೮೧೦ ಸುತ್ತು ತಿರುಗಬೇಕು. ಮುಂದಿನ ಲೆಕ್ಕಗಳಿಗೂ ಇದೇ ಉದಾಹರಣೆಯನ್ನು ಇಟ್ಟುಕೊಳ್ಳೋಣ.

ಹಲ್ಲುಚಕ್ರವನ್ನೋ ಸರಪಣಿಯನ್ನೋ ಬಿಟ್ಟು ಬೆಲ್ಟನ್ನೇಕೆ ಆರಿಸಬೇಕೆಂಬ ಪ್ರಶ್ನೆ ಸಹಜವಾದುದು. ಕಣದಲ್ಲಿ ಕೆಲಸವು ಒಂದೇ ಸಮನಾಗಿ ನಡೆಯುವುದಿಲ್ಲ. ಹಸಿಯಾದ ಕಟ್ಟೊಂದು ಒಮ್ಮೆಲೇ ಒಳಗೆ ಬಿದ್ದರೆ ಡ್ರಮ್ಮಿಗೆ ಬಲವಾದ ಪೆಟ್ಟು ತಗಲುತ್ತದೆ. ಹಲ್ಲುಚಕ್ರವಾದರೆ ಆ ಪೆಟ್ಟು ನೇರವಾಗಿ ಶಾಫ್ಟಿಗೂ ಟ್ರ್ಯಾಕ್ಟರಿಗೂ ತಲುಪುವುದು. ಬೆಲ್ಟಾದರೆ ಕ್ಷಣಕಾಲ ಜಾರಿ ಅದನ್ನು ನುಂಗಿಕೊಳ್ಳುವುದು. ಎಣ್ಣೆಯ ಸ್ನಾನ ಅದಕ್ಕೆ ಬೇಡ. ಕೆಟ್ಟಾಗ ಹಳ್ಳಿಯವರೇ ಬದಲಾಯಿಸಿಕೊಳ್ಳಬಹುದು.

ಮೊದಲು ಬಳಕೆಯಲ್ಲಿದ್ದುದು ತೊಗಲಿನ ಅಥವಾ ಬಟ್ಟೆಯ ಚಪ್ಪಟೆ ಬೆಲ್ಟು. ನಿಂತ ಟ್ರ್ಯಾಕ್ಟರಿನ ಪಕ್ಕದ ಪುಲ್ಲಿಯಿಂದ ದೂರದ ಯಂತ್ರದವರೆಗೆ ಉದ್ದನೆಯ ಚಪ್ಪಟೆ ಬೆಲ್ಟನ್ನು ಓಡಿಸುವುದು ಆ ಕಾಲದ ವಾಡಿಕೆ. ಹಿಟ್ಟಿನ ಗಿರಣಿಗಳಲ್ಲಿ ಇಂತಹ ಬೆಲ್ಟನ್ನು ಈಗಲೂ ನೋಡಬಹುದು. ೧೯೧೭ರಲ್ಲಿ ಅಮೆರಿಕದ ಡೆನ್ವರ್ ನಗರದ ಜಾನ್ ಗೇಟ್ಸ್ ಎಂಬವರು ರಬ್ಬರು ಮತ್ತು ನೂಲಿನ ವಿ ಬೆಲ್ಟನ್ನು ರೂಪಿಸಿದ ಮೇಲೆ, ಹತ್ತಿರ ಹತ್ತಿರದ ಪುಲ್ಲಿಗಳ ನಡುವೆಯೂ ಹೆಚ್ಚಿನ ಬಲವನ್ನು ಸಾಗಿಸುವುದು ಸುಲಭವಾಯಿತು. ಬೆಂಗಳೂರಿನಲ್ಲಿ ೧೯೬೭ರಲ್ಲಿ ಜಪಾನಿನ ಮಿತ್ಸುಬಿಷಿಯ ಸಹಕಾರದಿಂದ ಸ್ಥಾಪಿತವಾದ ವಿ.ಎಸ್.ಟಿ. ಸಂಸ್ಥೆಯ ಪವರ್ ಟಿಲ್ಲರುಗಳಲ್ಲಿ ಎಂಜಿನಿನ ಬಲವನ್ನು ಮುಂದಕ್ಕೆ ಒಯ್ಯುವುದು ವಿ ಬೆಲ್ಟುಗಳೇ. ಆದುದರಿಂದ ನಮ್ಮ ರೈತರಿಗೆ ಇವು ಅಪರಿಚಿತವಲ್ಲ.

೩. ಹಿಡಿತದ ಗಣಿತ

ಬೆಲ್ಟು ಓಡುವಾಗ ಅದರ ಒಂದು ಪಾರ್ಶ್ವ ಬಿಗಿಯಾಗಿಯೂ ಇನ್ನೊಂದು ಪಾರ್ಶ್ವ ಸಡಿಲವಾಗಿಯೂ ಇರುತ್ತದೆ. ಈ ಎರಡು ಎಳೆತಗಳ ಅಂತರವೇ ಪುಲ್ಲಿಯನ್ನು ತಿರುಗಿಸುವ ಬಲ. ಬೆಲ್ಟು ಜಾರದೆ ತಡೆದುಕೊಳ್ಳಬಲ್ಲ ಎಳೆತಗಳ ಪ್ರಮಾಣವು ಎಷ್ಟೆಂಬುದನ್ನು ಹದಿನೆಂಟನೆಯ ಶತಮಾನದ ಗಣಿತಜ್ಞ ಆಯ್ಲರನು ತೋರಿಸಿಕೊಟ್ಟನು. ಘರ್ಷಣಾಂಕವೂ ಸುತ್ತಿಕೊಂಡ ಕೋನವೂ ಸಮಸಮವಾಗಿ ಹೆಚ್ಚಿದಂತೆ ಈ ಪ್ರಮಾಣವು ಗುಣೋತ್ತರವಾಗಿ ಏರುತ್ತದೆ. ನಮ್ಮ ಹಳ್ಳಿಗರು ಈ ಸೂತ್ರವನ್ನು ಓದದೆಯೇ ಅರಿತವರು. ತುಂಟ ಹೋರಿಯ ಹಗ್ಗವನ್ನು ಗೂಟಕ್ಕೆ ಎರಡು ಸುತ್ತು ಹಾಕಿ ಹಿಡಿದವನು ಅದನ್ನು ಒಂದೇ ಕೈಯಿಂದ ತಡೆಯಬಲ್ಲ. ಘರ್ಷಣಾಂಕವು ೦.೩ ಆದರೆ ಆ ಎರಡು ಸುತ್ತುಗಳು ಅವನ ಹಿಡಿತವನ್ನು ಸುಮಾರು ೪೩ ಪಟ್ಟು ಹೆಚ್ಚಿಸುತ್ತವೆ.

ಬೆಲ್ಟಿಗೆ ಎರಡು ಸುತ್ತಿನ ಭಾಗ್ಯವಿಲ್ಲ. ಹೆಚ್ಚೆಂದರೆ ಅರ್ಧ ಸುತ್ತು ದೊರಕುತ್ತದೆ. ಅದೇ ಘರ್ಷಣಾಂಕದಲ್ಲಿ ಚಪ್ಪಟೆ ಬೆಲ್ಟಿನ ಬಿಗಿ ಮತ್ತು ಸಡಿಲ ಎಳೆತಗಳ ಪ್ರಮಾಣವು ಸುಮಾರು ೨.೬ನ್ನು ಮೀರಲಾರದು. ವಿ ಬೆಲ್ಟಿನ ವಿಶೇಷವು ಇಲ್ಲಿಯೇ ಇದೆ. ಅದು ಗಾಡಿಯ ತಳವನ್ನು ಮುಟ್ಟದೆ ಎರಡು ಓರೆಗೋಡೆಗಳ ನಡುವೆ ಬೆಣೆಯಂತೆ ಸಿಕ್ಕಿಕೊಳ್ಳುತ್ತದೆ. ಗಾಡಿಯ ಕೋನ ೩೮ ಅಂಶಗಳಿದ್ದರೆ ಘರ್ಷಣೆಯು ಸುಮಾರು ಮೂರು ಪಟ್ಟು ಹೆಚ್ಚಿದಂತಾಗಿ, ಎಳೆತಗಳ ಪ್ರಮಾಣವು ಸುಮಾರು ೧೮ಕ್ಕೆ ಏರುತ್ತದೆ. ಹೊಟ್ಟಿನ ಧೂಳೋ ತೇವವೋ ಸೇರಿ ಘರ್ಷಣಾಂಕವು ೦.೩ರಿಂದ ೦.೨ಕ್ಕೆ ಇಳಿದರೆ ಈ ೧೮ ಎಂಬುದು ೭ಕ್ಕೆ ಕುಸಿಯುತ್ತದೆ. ಆದಕಾರಣ ವಿನ್ಯಾಸಕಾರರು ಇಡೀ ಹಿಡಿತವನ್ನು ನಂಬದೆ ಸುಮಾರು ೫ರ ಪ್ರಮಾಣವನ್ನೇ ಲೆಕ್ಕಕ್ಕೆ ಹಿಡಿಯುವರು.

ಈಗ ನಮ್ಮ ಉದಾಹರಣೆಗೆ ಮರಳೋಣ. ೩೦೦ ಮಿ.ಮೀ. ಪುಲ್ಲಿಯು ಸೆಕೆಂಡಿಗೆ ೯ ಸುತ್ತು ತಿರುಗಿದರೆ ಬೆಲ್ಟಿನ ವೇಗ ಸೆಕೆಂಡಿಗೆ ಸುಮಾರು ೮.೫ ಮೀಟರು. ಸಾಗಿಸಬೇಕಾದ ಬಲ ೭.೫ ಕಿಲೋವಾಟ್, ಅಂದರೆ ಸುಮಾರು ೧೦ ಅಶ್ವಶಕ್ತಿಯಾದರೆ ಎಳೆತಗಳ ಅಂತರ ಸುಮಾರು ೯೦ ಕಿಲೋಗ್ರಾಂ ಭಾರಕ್ಕೆ ಸಮ. ಮೂರು ಬೆಲ್ಟುಗಳಿದ್ದರೆ ಒಂದೊಂದರ ಪಾಲು ೩೦ ಕಿಲೋ. ಆಗ ಬಿಗಿಪಾರ್ಶ್ವದಲ್ಲಿ ೩೭.೫ ಕಿಲೋ, ಸಡಿಲಪಾರ್ಶ್ವದಲ್ಲಿ ೭.೫ ಕಿಲೋ ಎಳೆತವಿರಬೇಕು. ಮೂರೂ ಬೆಲ್ಟುಗಳು ಸೇರಿ ಶಾಫ್ಟನ್ನು ಎಳೆಯುವ ಭಾರ ಸುಮಾರು ೧೩೫ ಕಿಲೋ. ಒಂದು ಕ್ವಿಂಟಲ್ ಮೂಟೆಗಿಂತಲೂ ಹೆಚ್ಚು. ಅಗತ್ಯಕ್ಕಿಂತ ಬಿಗಿಮಾಡಿದಷ್ಟೂ ಈ ಭಾರವು ಬೇರಿಂಗುಗಳ ಮೇಲೆ ಏರುತ್ತ ಹೋಗುವುದು. ಬಿಗಿ ಹೆಚ್ಚಿದರೆ ಒಳ್ಳೆಯದೆಂಬ ನಂಬಿಕೆ ಸರಿಯಲ್ಲವೆಂಬುದಕ್ಕೆ ಇಷ್ಟು ಸಾಕು.

ಸಡಿಲವಾದರೆ ಏನಾಗುವುದೆಂಬುದನ್ನೂ ನೋಡಬೇಕು. ಸರಿಯಾದ ಬಿಗಿತದಲ್ಲಿ ಜಾರಿಕೆಯು ನೂರಕ್ಕೆ ಒಂದೆರಡು ಭಾಗ ಮಾತ್ರ. ಅದು ನೂರಕ್ಕೆ ಹತ್ತಾದರೆ ೭.೫ ಕಿಲೋವಾಟಿನಲ್ಲಿ ೭೫೦ ವಾಟು ಶಾಖವಾಗಿ ವ್ಯಯವಾಗುತ್ತದೆ. ಸಾಧಾರಣ ಇಸ್ತ್ರಿಪೆಟ್ಟಿಗೆಯೊಂದನ್ನು ಸಣ್ಣ ಪುಲ್ಲಿಯ ಗಾಡಿಯೊಳಗೆ ಇಟ್ಟಂತಾಯಿತು. ರಬ್ಬರು ಗಟ್ಟಿಯಾಗಿ ಬಿರಿಯುತ್ತದೆ. ಅಷ್ಟೇ ಅಲ್ಲದೆ ಡ್ರಮ್ಮಿನ ವೇಗ ೮೧೦ರಿಂದ ೭೨೯ಕ್ಕೆ ಇಳಿಯುತ್ತದೆ. ತೆನೆಗೆ ಬೀಳುವ ಪೆಟ್ಟಿನ ಶಕ್ತಿಯು ವೇಗದ ವರ್ಗವನ್ನು ಅನುಸರಿಸುವುದರಿಂದ ಅದು ನೂರಕ್ಕೆ ಹತ್ತೊಂಬತ್ತು ಭಾಗ ಕುಂದುತ್ತದೆ. ಫ್ಯಾನಿನ ಬೆಲ್ಟು ಜಾರಿದರೆ ಗಾಳಿಯ ಒತ್ತಡವೂ ಇದೇ ರೀತಿ ತಗ್ಗುತ್ತದೆ. ತೆನೆಯಲ್ಲಿ ಕಾಳು ಉಳಿಯುತ್ತದೆ, ಕಾಳಿನಲ್ಲಿ ಹೊಟ್ಟು ಉಳಿಯುತ್ತದೆ. ರೈತನು ಜರಡಿಯನ್ನು ದೂರುತ್ತಾನೆ, ಚಾಲಕನು ಹಸಿ ತೆನೆಯನ್ನು ದೂರುತ್ತಾನೆ. ದೋಷವಿರುವುದು ಬೆಲ್ಟಿನ ಸಡಿಲದಲ್ಲಿ. ಬಾಡಿಗೆಯನ್ನು ಗಂಟೆಯ ಲೆಕ್ಕದಲ್ಲಿ ಕೊಡುವ ಸಣ್ಣ ರೈತನಿಗೆ ಇದು ಎರಡು ಬಗೆಯ ನಷ್ಟ.

೪. ರಚನೆ ಮತ್ತು ಅಳತೆ

ವಿ ಬೆಲ್ಟನ್ನು ಅಡ್ಡವಾಗಿ ಕತ್ತರಿಸಿ ನೋಡಿದರೆ ಮೂರು ಅಂಗಗಳು ಕಾಣುತ್ತವೆ. ಮೇಲ್ಭಾಗದಲ್ಲಿ ಎಳೆತವನ್ನು ಹೊರುವ ಎಳೆಗಳು. ಇವು ಹಿಂದೆ ಹತ್ತಿಯ ನೂಲಾಗಿದ್ದು ಈಗ ಹೆಚ್ಚಾಗಿ ಪಾಲಿಯೆಸ್ಟರಿನವು. ಅವುಗಳ ಕೆಳಗೆ ಬಾಗಿದಾಗ ಒತ್ತಡವನ್ನು ತಾಳುವ ರಬ್ಬರು. ಸುತ್ತಲೂ ಸವೆತವನ್ನು ತಡೆಯುವ ರಬ್ಬರು ತುಂಬಿದ ಬಟ್ಟೆಯ ಹೊದಿಕೆ. ಬಲವೆಲ್ಲ ಎಳೆಗಳಲ್ಲಿದೆ, ಹಿಡಿತವೆಲ್ಲ ಪಕ್ಕಗಳಲ್ಲಿದೆ ಎಂಬ ಈ ಒಂದು ಮಾತನ್ನು ನೆನಪಿನಲ್ಲಿಟ್ಟರೆ ಮುಂದಿನ ನಿಯಮಗಳೆಲ್ಲ ತಾವಾಗಿಯೇ ಸ್ಪಷ್ಟವಾಗುತ್ತವೆ.

ಭಾರತೀಯ ಮಾನಕ ಐ.ಎಸ್. ೨೪೯೪ರ ಪ್ರಕಾರ ಬೆಲ್ಟುಗಳನ್ನು ಅಡ್ಡಳತೆಯ ಮೇಲೆ ವರ್ಗೀಕರಿಸಿದೆ. 'ಎ' ವರ್ಗದ ಬೆಲ್ಟಿನ ಮೇಲಗಲ ೧೩ ಮಿ.ಮೀ., ದಪ್ಪ ೮ ಮಿ.ಮೀ.; 'ಬಿ' ವರ್ಗಕ್ಕೆ ೧೭ ಮತ್ತು ೧೧; 'ಸಿ' ವರ್ಗಕ್ಕೆ ೨೨ ಮತ್ತು ೧೪. ಬೆಲ್ಟಿನ ಬೆನ್ನ ಮೇಲೆ ಅಕ್ಷರದೊಡನೆ ಮುದ್ರಿತವಾದ ಸಂಖ್ಯೆಯು ರೂಢಿಯಲ್ಲಿ ಒಳಸುತ್ತಳತೆಯನ್ನು ಅಂಗುಲಗಳಲ್ಲಿ ತಿಳಿಸುತ್ತದೆ. ಮುದ್ರೆಯು ಅಳಿಸಿಹೋಗಿದ್ದರೆ ಹಿಗ್ಗಿದ ಹಳೆಯ ಬೆಲ್ಟನ್ನು ಅಳೆದು ಹೊಸದನ್ನು ತರುವುದು ತಪ್ಪಿಗೆ ದಾರಿ. ಪುಲ್ಲಿಗಳಿಂದಲೇ ಲೆಕ್ಕ ಹಾಕುವುದು ಉತ್ತಮ. ಕೇಂದ್ರಗಳ ದೂರದ ಇಮ್ಮಡಿ, ಎರಡು ವ್ಯಾಸಗಳ ಮೊತ್ತದ ೧.೫೭ ಪಟ್ಟು, ವ್ಯಾಸಗಳ ಅಂತರದ ವರ್ಗವನ್ನು ಕೇಂದ್ರದೂರದ ನಾಲ್ಕರಷ್ಟರಿಂದ ಭಾಗಿಸಿ ಬಂದದ್ದು ಈ ಮೂರನ್ನೂ ಕೂಡಿದರೆ ಬೆಲ್ಟಿನ ಉದ್ದ ದೊರೆಯುತ್ತದೆ. ನಮ್ಮ ಉದಾಹರಣೆಯಲ್ಲಿ ಕೇಂದ್ರದೂರ ೬೦೦ ಮಿ.ಮೀ. ಆದರೆ ಉದ್ದ ಸುಮಾರು ೧೯೯೦ ಮಿ.ಮೀ. ಇದು ಬೆಲ್ಟಿನ ದಪ್ಪದ ನಡುವಿನ ಎಳೆಗಳ ರೇಖೆಯಲ್ಲಿ ಅಳೆದ ಉದ್ದ. 'ಬಿ' ವರ್ಗದಲ್ಲಿ ಒಳಸುತ್ತಳತೆಯು ಇದಕ್ಕಿಂತ ೪೩ ಮಿ.ಮೀ. ಕಡಿಮೆ, ಅಂದರೆ ೧೯೪೭ ಮಿ.ಮೀ.; ಸುಮಾರು ೭೬.೭ ಅಂಗುಲ. 'ಬಿ ೭೭' ಬೆಲ್ಟನ್ನು ತಂದು ಕೇಂದ್ರದೂರವನ್ನು ಸುಮಾರು ೫ ಮಿ.ಮೀ. ಹೆಚ್ಚಿಸಿದರೆ ಅದು ಸರಿಯಾಗಿ ಕೂಡುತ್ತದೆ.

೫. ಹಳೆಯ ಬೆಲ್ಟಿನ ಸಾಕ್ಷ್ಯ

ತೆಗೆದ ಬೆಲ್ಟನ್ನು ಒಳಮೈ ಹೊರಗೆ ಬರುವಂತೆ ಮೆಲ್ಲನೆ ತಿರುಗಿಸಿ, ಬೆಳಕಿನಲ್ಲಿ ಒಂದು ಸುತ್ತು ಪರೀಕ್ಷಿಸಬೇಕು. ಕಾಣಬಹುದಾದ ಗುರುತುಗಳೂ ಅವುಗಳ ಅರ್ಥವೂ ಹೀಗಿವೆ.

ಪಕ್ಕಗಳೆರಡೂ ಗಾಜಿನಂತೆ ಹೊಳೆಯುತ್ತ ಗಟ್ಟಿಯಾಗಿದ್ದರೆ ಬೆಲ್ಟು ಸಡಿಲವಾಗಿ ಜಾರಿದೆ. ಒಂದೇ ಪಕ್ಕ ಹೆಚ್ಚು ಸವೆದಿದ್ದರೆ ಪುಲ್ಲಿಗಳು ಒಂದೇ ನೇರದಲ್ಲಿಲ್ಲ. ತಳದಲ್ಲಿ ಅಡ್ಡಡ್ಡ ಬಿರುಕುಗಳಿದ್ದರೆ ಅತಿಯಾದ ಶಾಖ, ತೀರ ಚಿಕ್ಕ ಪುಲ್ಲಿ, ಇಲ್ಲವೇ ವಯಸ್ಸು ಕಾರಣ. ತಳವು ನುಣುಪಾಗಿ ಹೊಳೆಯುತ್ತಿದ್ದರೆ ಗಾಡಿಯ ಗೋಡೆಗಳು ಸವೆದು ಬೆಲ್ಟು ತಳಕ್ಕೆ ಕುಳಿತಿದೆ. ಆಗ ಬೆಣೆಯ ಗುಣವೇ ನಾಶವಾಗುವುದರಿಂದ ಎಷ್ಟು ಬಿಗಿ ಮಾಡಿದರೂ ಜಾರಿಕೆ ನಿಲ್ಲದು, ಬದಲಾಯಿಸಬೇಕಾದುದು ಪುಲ್ಲಿಯನ್ನು. ಮೈ ಊದಿ ಮೆತ್ತಗೆ ಅಂಟಂಟಾಗಿದ್ದರೆ ಬೇರಿಂಗಿನ ಗ್ರೀಸೋ ಡೀಸೆಲ್ಲೋ ಸೋರಿ ತಗಲಿದೆ. ಬೆಲ್ಟು ಗಾಡಿಯೊಳಗೆ ಮಗುಚಿಕೊಂಡಿದ್ದರೆ ಒಳಗಿನ ಎಳೆಗಳು ಒಂದು ಕಡೆ ಹರಿದಿರಬಹುದು, ಅಥವಾ ಹುಲ್ಲು ಹೊಟ್ಟುಗಳು ಗಾಡಿಯಲ್ಲಿ ಗಟ್ಟಿಯಾಗಿ ಕಚ್ಚಿಕೊಂಡಿರಬಹುದು. ಹೊಸದಾದ ಬೆಲ್ಟು ಒಮ್ಮೆಲೇ ತುಂಡಾಗಿದ್ದರೆ ಡ್ರಮ್ಮು ಸಿಕ್ಕಿಕೊಂಡು ಪೆಟ್ಟು ಬಿದ್ದಿದೆ, ಇಲ್ಲವೇ ಹಾಕುವಾಗಲೇ ಸಲಾಕೆಯಿಂದ ಮೀಟಿ ಎಳೆಗಳನ್ನು ಮುರಿಯಲಾಗಿದೆ.

ಒಂದು ಸಂದರ್ಭವನ್ನು ಊಹಿಸಿಕೊಳ್ಳಬಹುದು. ಒಂದೇ ಸುಗ್ಗಿಯಲ್ಲಿ ಯಂತ್ರವೊಂದರ ಬೆಲ್ಟು ಮೂರು ಸಲ ಹರಿಯಿತೆನ್ನೋಣ. ಬೆಲ್ಟು ಕಳಪೆಯದೆಂದು ಯಜಮಾನನು ಹೆಚ್ಚು ಬೆಲೆಯದನ್ನು ತರಿಸುತ್ತಾನೆ, ಅದೂ ಹರಿಯುತ್ತದೆ. ನಾಲ್ಕೂ ಬೆಲ್ಟುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದ್ದರೆ, ಎಲ್ಲವುಗಳ ಎಡಪಕ್ಕವೇ ಸವೆದಿರುವುದು ಕಂಡುಬರುತ್ತಿತ್ತು. ಹೊಲದಿಂದ ಹೊಲಕ್ಕೆ ಎಳೆದೊಯ್ಯುವಾಗ ಬೇರಿಂಗಿನ ಪೀಠದ ಬೋಲ್ಟೊಂದು ಸಡಿಲವಾಗಿ ಶಾಫ್ಟು ಓರೆಯಾಗಿದ್ದುದೇ ಕಾರಣ. ಒಂದು ಬೋಲ್ಟನ್ನು ಬಿಗಿಯುವ ಕೆಲಸಕ್ಕೆ ನಾಲ್ಕು ಬೆಲ್ಟುಗಳ ಬೆಲೆಯನ್ನೂ ನಾಲ್ಕು ದಿನಗಳ ಒಕ್ಕಣೆಯನ್ನೂ ತೆತ್ತಂತಾಯಿತು.

೬. ಬದಲಾಯಿಸುವ ಕ್ರಮ

ಮೊದಲನೆಯದಾಗಿ ಟ್ರ್ಯಾಕ್ಟರಿನ ಎಂಜಿನನ್ನು ನಿಲ್ಲಿಸಿ, ಬೀಗದ ಕೈಯನ್ನು ತೆಗೆದು, ಕೆಲಸ ಮಾಡುವವನೇ ತನ್ನ ಬಳಿ ಇಟ್ಟುಕೊಳ್ಳಬೇಕು. ಪಿ.ಟಿ.ಓ. ಶಾಫ್ಟನ್ನು ಕಳಚಬೇಕು. ಭಾರವಾದ ಡ್ರಮ್ಮು ಎಂಜಿನು ನಿಂತ ಮೇಲೂ ಕೆಲಕಾಲ ತಿರುಗುತ್ತಿರುತ್ತದೆ. ಅದು ಪೂರ್ತಿಯಾಗಿ ನಿಲ್ಲುವವರೆಗೆ ಕಾಯಬೇಕು.

ಎರಡನೆಯದಾಗಿ ರಕ್ಷಾಕವಚವನ್ನು ಬಿಚ್ಚಿ, ಬೆಲ್ಟುಗಳು ಯಾವ ಯಾವ ಪುಲ್ಲಿಯ ಮೇಲೆ ಹೇಗೆ ಹೋಗಿವೆ ಎಂಬುದರ ರೇಖಾಚಿತ್ರವನ್ನು ಬರೆದುಕೊಳ್ಳಬೇಕು. ಕೈಫೋನಿನಿಂದ ಚಿತ್ರ ತೆಗೆದುಕೊಂಡರೂ ಆದೀತು.

ಮೂರನೆಯದಾಗಿ ಬಿಗಿ ಮಾಡುವ ಬೋಲ್ಟನ್ನು ಸಡಿಲಿಸಿ ಪುಲ್ಲಿಗಳನ್ನು ಹತ್ತಿರ ತಂದು, ಬೆಲ್ಟನ್ನು ಕೈಯಿಂದಲೇ ತೆಗೆಯಬೇಕು. ಬಿಗಿಯಾಗಿರುವ ಬೆಲ್ಟನ್ನು ಸ್ಕ್ರೂಡ್ರೈವರಿನಿಂದಲೋ ಸಲಾಕೆಯಿಂದಲೋ ಮೀಟಬಾರದು. ಪುಲ್ಲಿಯನ್ನು ತಿರುಗಿಸುತ್ತ ಬೆಲ್ಟನ್ನು ಹತ್ತಿಸುವುದೂ ನಿಷಿದ್ಧ. ಅದು ಎಳೆಗಳನ್ನೂ ಮುರಿಯುತ್ತದೆ, ಬೆರಳುಗಳನ್ನೂ ಸಿಕ್ಕಿಸುತ್ತದೆ.

ನಾಲ್ಕನೆಯದಾಗಿ ಪುಲ್ಲಿಗಳನ್ನು ಪರೀಕ್ಷಿಸಬೇಕು. ಗಾಡಿಗಳಲ್ಲಿ ಕಚ್ಚಿದ ಹೊಟ್ಟನ್ನು ತೆಗೆದು ಒಣಬಟ್ಟೆಯಿಂದ ಒರೆಸಬೇಕು. ಗೋಡೆಗಳು ನೇರವಾಗಿವೆಯೇ ಅಥವಾ ತಟ್ಟೆಯಂತೆ ಒಳಗುಳಿ ಬಿದ್ದಿವೆಯೇ ಎಂಬುದನ್ನು ಅಳತೆಪಟ್ಟಿಯ ಅಂಚನ್ನು ಇಟ್ಟು ನೋಡಬಹುದು. ಶಾಫ್ಟನ್ನು ಕೈಯಿಂದ ಅಲುಗಿಸಿ ಬೇರಿಂಗಿನ ಸಡಿಲವನ್ನು ತಿಳಿಯಬೇಕು.

ಐದನೆಯದಾಗಿ ನೇರವನ್ನು ಸಾಧಿಸಬೇಕು. ಎರಡು ಪುಲ್ಲಿಗಳ ಮುಖಗಳ ಅಡ್ಡಕ್ಕೆ ಬಿಗಿಯಾಗಿ ದಾರವನ್ನು ಹಿಡಿದರೆ ಅದು ನಾಲ್ಕು ಬಿಂದುಗಳಲ್ಲಿಯೂ ತಗಲಬೇಕು. ಅಂಚಿನ ದಪ್ಪ ಬೇರೆಯಾಗಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಕು. ಓರೆಯು ಅರ್ಧ ಅಂಶವನ್ನು, ಅಂದರೆ ಮೀಟರಿಗೆ ಸುಮಾರು ೯ ಮಿ.ಮೀ.ಯನ್ನು ಮೀರಬಾರದು. ೬೦೦ ಮಿ.ಮೀ. ದೂರಕ್ಕೆ ಇದು ೫ ಮಿ.ಮೀ. ಮಾತ್ರ.

ಆರನೆಯದಾಗಿ ಹೊಸ ಬೆಲ್ಟುಗಳನ್ನು ಹಾಕಬೇಕು. ಒಂದೇ ಪುಲ್ಲಿಯ ಮೇಲೆ ಮೂರು ಬೆಲ್ಟುಗಳಿದ್ದು ಒಂದು ಮಾತ್ರ ಹರಿದಿದ್ದರೂ ಮೂರನ್ನೂ ಒಟ್ಟಿಗೆ ಬದಲಾಯಿಸುವುದು ಯುಕ್ತ. ಹಿಗ್ಗಿದ ಎರಡು ಹಳೆಯ ಬೆಲ್ಟುಗಳೊಡನೆ ಹೊಸದೊಂದನ್ನು ಸೇರಿಸಿದರೆ ಮೂವರ ಭಾರವನ್ನು ಆ ಒಂದೇ ಹೊರಬೇಕಾಗುತ್ತದೆ. ಎಲ್ಲಕ್ಕಿಂತ ಮೊದಲು ಹರಿಯುವುದೂ ಅದೇ. ಇನ್ನೂ ಬಾಳುವಂತಿರುವ ಹಳೆಯ ಎರಡನ್ನು ಆಪತ್ಕಾಲಕ್ಕೆ ಜೋಡಿಯಾಗಿ ತೆಗೆದಿರಿಸಬಹುದು.

ಕೊನೆಯದಾಗಿ ಕೈಯಿಂದ ಪುಲ್ಲಿಗಳನ್ನು ಒಂದೆರಡು ಸುತ್ತು ತಿರುಗಿಸಿ, ಬೆಲ್ಟುಗಳು ಗಾಡಿಗಳಲ್ಲಿ ಸರಿಯಾಗಿ ಕುಳಿತಿವೆಯೆಂದು ನೋಡಿ, ಬಿಗಿತವನ್ನು ಕೊಟ್ಟು, ರಕ್ಷಾಕವಚವನ್ನು ಮರಳಿ ಕೂರಿಸಬೇಕು. ಕವಚವನ್ನು ಹಾಕುವವರೆಗೆ ಕೆಲಸ ಮುಗಿದಂತಲ್ಲ.

೭. ಬಿಗಿತದ ಅಳತೆ

ಬಿಗಿತವನ್ನು ಅಂದಾಜಿನಿಂದ ತಿಳಿಯುವ ಬದಲು ಅಳೆಯಬಹುದು. ಎರಡು ಪುಲ್ಲಿಗಳ ನಡುವೆ ಬೆಲ್ಟಿನ ಬಿಡುಭಾಗದ ಮಧ್ಯದಲ್ಲಿ ಲಂಬವಾಗಿ ಎಳೆದಾಗ, ಬಿಡುಭಾಗದ ಪ್ರತಿ ಮೀಟರಿಗೆ ಸುಮಾರು ೧೬ ಮಿ.ಮೀ. ಬಾಗಬೇಕೆಂಬುದು ಅಂಗೀಕೃತವಾದ ನಿಯಮ. ನಮ್ಮ ಉದಾಹರಣೆಯ ೬೦೦ ಮಿ.ಮೀ. ಬಿಡುಭಾಗಕ್ಕೆ ಇದು ಸುಮಾರು ೯.೬ ಮಿ.ಮೀ. ಆಗುತ್ತದೆ. ಇಷ್ಟು ಬಾಗಿಸಲು 'ಎ' ವರ್ಗದ ಬೆಲ್ಟಿಗೆ ಸುಮಾರು ೧ರಿಂದ ೧.೫ ಕಿಲೋ, 'ಬಿ' ವರ್ಗಕ್ಕೆ ೨ರಿಂದ ೩ ಕಿಲೋ, 'ಸಿ' ವರ್ಗಕ್ಕೆ ೪ರಿಂದ ೬ ಕಿಲೋ ಎಳೆತ ಬೇಕು. ಕಡಿಮೆ ಎಳೆತಕ್ಕೇ ಬಾಗಿದರೆ ಬೆಲ್ಟು ಸಡಿಲ. ಹೆಚ್ಚು ಬೇಕಾದರೆ ಅತಿಬಿಗಿ. ಅಂಗಡಿಯಲ್ಲಿ ತೂಗುವ ಕೊಕ್ಕೆಯ ಸ್ಪ್ರಿಂಗ್ ತಕ್ಕಡಿಯೊಂದು, ಅಳತೆಪಟ್ಟಿಯೊಂದು ಇದ್ದರೆ ಈ ಪರೀಕ್ಷೆಯನ್ನು ಕಣದಲ್ಲಿಯೇ ಮಾಡಬಹುದು.

ಹೊಸ ಬೆಲ್ಟು ಮೊದಲ ಕೆಲವು ಗಂಟೆಗಳಲ್ಲಿ ಹಿಗ್ಗಿ ಗಾಡಿಯೊಳಕ್ಕೆ ಕುಳಿತುಕೊಳ್ಳುತ್ತದೆ. ಆದುದರಿಂದ ಅರ್ಧ ಗಂಟೆಯಿಂದ ನಾಲ್ಕು ಗಂಟೆಯೊಳಗೆ ಒಮ್ಮೆ, ಒಂದು ದಿನದ ದುಡಿಮೆಯ ಅನಂತರ ಇನ್ನೊಮ್ಮೆ ಬಿಗಿತವನ್ನು ನೋಡಬೇಕು. ಬೆಳಗ್ಗೆ ಹಾಕಿ ಸರಿಯಾಗಿದೆಯೆಂದು ಮರೆತ ಬೆಲ್ಟು ಸಂಜೆಗೆ ಜಾರುತ್ತಿರುತ್ತದೆ; ಹೊಸ ಬೆಲ್ಟುಗಳ ಅಕಾಲಮರಣಕ್ಕೆ ಇದೊಂದು ಮುಖ್ಯ ಕಾರಣ.

೮. ಪೋಷಣೆ

ಚಪ್ಪಟೆ ಬೆಲ್ಟಿನ ಕಾಲದಲ್ಲಿ ಜಾರಿಕೆಯನ್ನು ತಡೆಯಲು ರಾಳ ಮುಂತಾದ ಅಂಟುಪದಾರ್ಥಗಳನ್ನು ಸವರುತ್ತಿದ್ದರು. ವಿ ಬೆಲ್ಟಿಗೆ ಇದು ಸಲ್ಲದು. ಅಂಟಿಗೆ ಹೊಟ್ಟು ಮೆತ್ತಿಕೊಂಡು ಮರಳುಕಾಗದದಂತೆ ಪಕ್ಕಗಳನ್ನು ತೇಯುತ್ತದೆ. ಕಿರುಚುವ ಬೆಲ್ಟಿಗೆ ಸೋಪನ್ನೋ ಎಣ್ಣೆಯನ್ನೋ ಹಚ್ಚಿದರೆ ಸದ್ದು ಅಡಗೀತೇ ಹೊರತು ರೋಗ ಅಡಗದು. ಕಿರುಚಾಟವು ಜಾರಿಕೆಯ ದೂರು. ಅದಕ್ಕೆ ಔಷಧ ಬಿಗಿತವೊಂದೇ.

ಹವಾಮಾನಕ್ಕೆ ತಕ್ಕಂತೆ ಬೆಲ್ಟಿನ ಶತ್ರುಗಳೂ ಬೇರೆಯಾಗುತ್ತಾರೆ. ಕೆನಡಾ, ಉತ್ತರ ಅಮೆರಿಕದ ಸಂಸ್ಥಾನಗಳಂತಹ ಶೀತಪ್ರದೇಶಗಳಲ್ಲಿ ಟ್ರ್ಯಾಕ್ಟರಿಗೆ ಜೋಡಿಸಿ ಹಾದಿಯ ಹಿಮವನ್ನು ಎಸೆಯುವ ಯಂತ್ರಗಳಿವೆ. ಅವುಗಳಲ್ಲಿಯೂ ಬೆಲ್ಟಿನಿಂದ ನಡೆಯುವ ಮಾದರಿಗಳುಂಟು. ಅಲ್ಲಿ ಚಳಿಗೆ ರಬ್ಬರು ಬಿರುಸಾಗುತ್ತದೆ, ಕರಗಿದ ಹಿಮ ಗಾಡಿಗೆ ಇಳಿದು ಹಿಡಿತವನ್ನು ಕಳೆಯುತ್ತದೆ. ನಮ್ಮಲ್ಲಿ ಬಿಸಿಲು, ಹೊಟ್ಟಿನ ಧೂಳು ಇವು ಅದೇ ಕೆಲಸವನ್ನು ಬೇರೆ ದಾರಿಯಿಂದ ಮಾಡುತ್ತವೆ. ವರ್ಷದಲ್ಲಿ ಕೆಲವೇ ವಾರ ದುಡಿದು ಉಳಿದ ಕಾಲವೆಲ್ಲ ನಿಂತಿರುವುದು ಎರಡು ಯಂತ್ರಗಳಿಗೂ ಸಮಾನವಾದ ಸ್ಥಿತಿ. ಆದಕಾರಣ ಬೆಲ್ಟಿನ ಆಯುಷ್ಯವನ್ನು ನಿರ್ಣಯಿಸುವುದರಲ್ಲಿ ಸುಗ್ಗಿಯಷ್ಟೇ ಪಾತ್ರ ಬಿಡುವಿನ ತಿಂಗಳುಗಳಿಗೂ ಇದೆ.

ಸುಗ್ಗಿ ಮುಗಿದೊಡನೆ ಬಿಗಿತವನ್ನು ಸಡಿಲಿಸಬೇಕು. ಇಲ್ಲವಾದರೆ ಬೆಲ್ಟು ಪುಲ್ಲಿಯ ಮೇಲೆ ಬಾಗಿದ ಆಕಾರದಲ್ಲಿಯೇ ಮುದುಡಿ ನಿಲ್ಲುತ್ತದೆ. ಸಾಧ್ಯವಾದರೆ ತೆಗೆದು, ಒರೆಸಿ, ಬಿಸಿಲೂ ಎಣ್ಣೆಯೂ ಇಲಿಯೂ ತಾಗದ ಒಣ ಸ್ಥಳದಲ್ಲಿ ಅಗಲವಾದ ಗೂಟದ ಮೇಲೆ ತೂಗುಹಾಕಬೇಕು. ಸಣ್ಣ ಮೊಳೆಗೆ ತೂಗಿದರೆ ಆ ಜಾಗದಲ್ಲಿ ಮಡಿಕೆ ಬಿದ್ದು ಎಳೆಗಳು ದುರ್ಬಲವಾಗುತ್ತವೆ. ಪುಲ್ಲಿಯ ಗಾಡಿಗಳಿಗೆ ತುಕ್ಕು ಹಿಡಿಯದಂತೆ ನೋಡಿಕೊಳ್ಳಬೇಕು; ಎಣ್ಣೆ ಸವರಿದ್ದರೆ ಮುಂದಿನ ಸುಗ್ಗಿಗೆ ಮೊದಲು ಪೂರ್ತಿ ಒರೆಸಬೇಕು. ಸುಗ್ಗಿಯಲ್ಲಿಯಾದರೋ ದಿನವೂ ಸಂಜೆ ಬೆಲ್ಟಿನ ಸುತ್ತಲೂ ಕೂಡಿದ ಹೊಟ್ಟನ್ನು ಗುಡಿಸಬೇಕು. ಜಾರಿ ಕಾಯ್ದ ಪುಲ್ಲಿಯ ಬಳಿ ಒಣಹೊಟ್ಟಿನ ರಾಶಿಯಿರುವುದು ಬೆಂಕಿಗೆ ಆಹ್ವಾನವಿತ್ತಂತೆ.

ಕರ್ನಾಟಕ ಸರ್ಕಾರವು ೨೦೧೪-೧೫ರಲ್ಲಿ ಆರಂಭಿಸಿದ ಕೃಷಿ ಯಂತ್ರಧಾರೆ ಕೇಂದ್ರಗಳಿಂದಲೂ ಖಾಸಗಿಯವರಿಂದಲೂ ಯಂತ್ರಗಳು ಬಾಡಿಗೆಗೆ ದೊರೆಯುತ್ತವೆ. ಹೀಗೆ ಹಲವರ ಕೈದಾಟುವ ಯಂತ್ರಕ್ಕೆ ಒಂದು ಪುಸ್ತಕವಿರುವುದು ಅತ್ಯವಶ್ಯಕ. ಬೆಲ್ಟಿನ ಸಂಖ್ಯೆ, ಹಾಕಿದ ದಿನ, ದುಡಿದ ಗಂಟೆ, ತೆಗೆದಾಗ ಕಂಡ ಗುರುತು ಇಷ್ಟನ್ನು ಬರೆದಿಟ್ಟರೆ ಎರಡು ಸುಗ್ಗಿಗಳಲ್ಲಿ ಆ ಯಂತ್ರದ ಪ್ರಕೃತಿಯೇ ತಿಳಿದುಬರುತ್ತದೆ.

೯. ಕೈಗಳ ರಕ್ಷಣೆ

ಬೆಲ್ಟು ಸೆಕೆಂಡಿಗೆ ೮.೫ ಮೀಟರು ಓಡುತ್ತದೆಂದು ಮೇಲೆ ಕಂಡೆವು. ಅಪಾಯವನ್ನು ಕಂಡ ಮನುಷ್ಯನ ಕೈ ಹಿಂದೆಗೆಯಲು ತೊಡಗುವುದಕ್ಕೆ ಸೆಕೆಂಡಿನ ಸುಮಾರು ಐದನೆಯ ಒಂದು ಭಾಗ ಬೇಕು. ಅಷ್ಟರಲ್ಲಿ ಬೆಲ್ಟು ೧.೭ ಮೀಟರು, ಅಂದರೆ ಒಬ್ಬ ಆಳಿನ ಉದ್ದದಷ್ಟು ಸಾಗಿರುತ್ತದೆ. ಬೆಲ್ಟು ಪುಲ್ಲಿಯನ್ನು ಹೊಗುವ ಸ್ಥಾನದಲ್ಲಿ ಬೆರಳು ಸಿಕ್ಕಿದರೆ ಚುರುಕುತನವಾಗಲಿ ಅನುಭವವಾಗಲಿ ನೆರವಿಗೆ ಬರಲಾರದು. ಹೆಗಲ ಮೇಲಿನ ಟವೆಲ್ಲು, ಸೀರೆಯ ಸೆರಗು, ಬಿಚ್ಚಿದ ತೋಳು ಇವೆಲ್ಲ ಅಲ್ಲಿಗೆ ಕೈಯನ್ನು ಎಳೆದೊಯ್ಯುವ ಹಗ್ಗಗಳೇ. ಪಿ.ಟಿ.ಓ. ಶಾಫ್ಟಿನ ಮೇಲಿನ ಕೊಳವೆಯಂತಹ ಹೊದಿಕೆಯನ್ನು ಕಿತ್ತುಹಾಕುವುದೂ ಇಷ್ಟೇ ಘಾತಕವಾದುದು.

ಒಕ್ಕಣೆ ಯಂತ್ರಗಳಲ್ಲಿ ಕೈಕಳೆದುಕೊಂಡವರ ದುಃಖವು ದೇಶದ ಗಮನವನ್ನು ಸೆಳೆದುದರ ಫಲವಾಗಿ ಸಂಸತ್ತು ೧೯೮೩ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಅಧಿನಿಯಮವನ್ನು ಅಂಗೀಕರಿಸಿತು. ತಯಾರಕರ, ಮಾರಾಟಗಾರರ, ಬಳಸುವವರ ಹೊಣೆಯನ್ನು ವಿಧಿಸಿ, ಗಾಯಗೊಂಡವರ ಪರಿಹಾರಕ್ಕೂ ಅದು ಅವಕಾಶ ಕಲ್ಪಿಸಿದೆ. ಆದರೆ ಕಾನೂನು ಕಾರ್ಖಾನೆಯಲ್ಲಿ ಕೂರಿಸಿದ ಕವಚವು ಕಣದಲ್ಲಿ ಕಳಚಿಬಿದ್ದಿದ್ದರೆ ಪ್ರಯೋಜನವೇನು? ಕವಚವು ಕಳಚಿರುವುದಕ್ಕೆ ಒಂದು ಸಾಮಾನ್ಯ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಬೆಲ್ಟು ಪದೇ ಪದೇ ಜಾರುತ್ತದೆ. ಪ್ರತಿಸಲವೂ ಕವಚವನ್ನು ಬಿಚ್ಚ ಬೇಸರವಾಗುತ್ತದೆ. ಕೊನೆಗೆ ಅದನ್ನು ಹಾಕುವುದನ್ನೇ ಬಿಡುತ್ತಾರೆ. ಬೆಲ್ಟನ್ನು ಚೆನ್ನಾಗಿ ಪೋಷಿಸುವುದು ಈ ದೃಷ್ಟಿಯಿಂದ ಕಾಳಿನ ಉಳಿತಾಯ ಮಾತ್ರವಲ್ಲದೆ ಕೈಗಳ ಉಳಿತಾಯವೂ ಆಗಿದೆ.

೧೦. ಉಪಸಂಹಾರ

ಕಾಲೇಜುಗಳಲ್ಲಿ ಬೆಲ್ಟಿನ ಪಾಠವು ಸಾಮಾನ್ಯವಾಗಿ ಆಯ್ಲರನ ಸೂತ್ರದಿಂದ ಆರಂಭವಾಗಿ ಅಲ್ಲಿಯೇ ಮುಗಿಯುತ್ತದೆ. ಅಧ್ಯಾಪಕರು ಇದಕ್ಕೆ ಎರಡು ಸುಲಭ ಪ್ರಯೋಗಗಳನ್ನು ಸೇರಿಸಬಹುದು. ಗೂಟಕ್ಕೆ ಸುತ್ತಿದ ಹಗ್ಗಕ್ಕೆ ತೂಕಗಳನ್ನು ಕಟ್ಟಿ, ಸುತ್ತುಗಳು ಹೆಚ್ಚಿದಂತೆ ಹಿಡಿತವು ಹೇಗೆ ಏರುವುದೆಂದು ಅಳೆಯುವುದು ಒಂದು. ಊರಿನ ಯಂತ್ರಗಳಿಂದ ತೆಗೆದ ಹಳೆಯ ಬೆಲ್ಟುಗಳನ್ನು ಸಂಗ್ರಹಿಸಿ, ಗುರುತುಗಳಿಗನುಸಾರವಾಗಿ ವಿಂಗಡಿಸಿ, ಒಂದೊಂದರ ಮರಣಕಾರಣವನ್ನು ವಿದ್ಯಾರ್ಥಿಗಳಿಂದ ಬರೆಯಿಸುವುದು ಇನ್ನೊಂದು. ಆರ್.ಟಿ. ನಗರದ ವಿದ್ಯಾರ್ಥಿಗೆ ಹೊಲ ದೂರವಾದರೂ ಹಿಟ್ಟಿನ ಗಿರಣಿಯೂ ವಾಹನ ದುರಸ್ತಿಯ ಅಂಗಡಿಯೂ ದೂರವಿಲ್ಲ. ಕಸದ ಬುಟ್ಟಿಗೆ ಸೇರುವ ಬೆಲ್ಟುಗಳು ಅಲ್ಲಿಯೂ ಬೇಕಾದಷ್ಟು ಸಿಗುತ್ತವೆ.

ಮೇಲಿನ ವಿವೇಚನೆಯಿಂದ ಹೊರಡುವ ಸಾರಾಂಶವಿಷ್ಟು: ಬೆಲ್ಟು ಹರಿದಾಗ ಮೊದಲು ಯಂತ್ರವನ್ನು ನಿಲ್ಲಿಸಬೇಕು, ಅನಂತರ ಹಳೆಯದನ್ನು ಓದಬೇಕು, ಆಮೇಲೆ ಹೊಸದನ್ನು ಹಾಕಬೇಕು. ಈ ಮೂರರಲ್ಲಿ ಮೊದಲನೆಯದು ಕೈಯನ್ನು, ಎರಡನೆಯದು ಹಣವನ್ನು, ಮೂರನೆಯದು ಸುಗ್ಗಿಯನ್ನು ಉಳಿಸುತ್ತದೆ.